ಹೋಗುವಾಗ ಮೂರೂವರೆ ಗಂಟೆ, ಬರುವಾಗ ಒಂದೂವರೆ ಗಂಟೆ?

ಪ್ರಶ್ನೆ: ನಾನೂ ನನ್ನ ಪತ್ನಿಯೂ ಬ್ಯಾಂಕಾಕ್ ನೋಡಿಕೊಂಡು, ಸಿಂಗಪುರದಲ್ಲಿರುವ ಮಗಳ ಮನೆಗೆ ಹೋಗಿಬರುವವರಿದ್ದೇವೆ. ಟಿಕೆಟ್‌ನಲ್ಲಿ ಬ್ಯಾಂಕಾಕ್ ಬಿಡುವುದು ಬೆಳಿಗ್ಗೆ 10.00, ಸಿಂಗಪುರ ತಲುಪುವುದು ಮಧ್ಯಾಹ್ನ 1.25 ಎಂದಿದೆ. ವಾಪಸಾಗುವಾಗ ಸಂಜೆ 4.00ಕ್ಕೆ ಹೊರಟು 5.25ಕ್ಕೇ ಬ್ಯಾಂಕಾಕ್! ಇದು ಗಾಳಿಯ ಪ್ರಭಾವವೇ, ಮುದ್ರಣದ ತಪ್ಪೇ? ನಿಜವಾದ ದೂರವೆಷ್ಟು?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಟಿಕೆಟ್ ಕೌಂಟರಿನಲ್ಲಿ ಕುಳಿತಿದ್ದ ಕಾಲದಿಂದಲೂ ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಗೌರವ. ಟಿಕೆಟ್ಟನ್ನು ಮಡಚಿ ಜೇಬಿಗಿಳಿಸುವ ಮುನ್ನ ಅವರು ಅದನ್ನು ಓದಿರುತ್ತಾರೆ.

ತಪ್ಪೇನೂ ಇಲ್ಲ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಸಿಂಗಪುರದ ಗಡಿಯಾರ ಬ್ಯಾಂಕಾಕಿನದಕ್ಕಿಂತ ಒಂದು ಗಂಟೆ ಮುಂದಿದೆ. ಎರಡನ್ನೂ ನಮ್ಮ ಸಮಯಕ್ಕೆ ಇಳಿಸಿ ನೋಡಿ. ಬ್ಯಾಂಕಾಕ್ ನಮಗಿಂತ ಒಂದೂವರೆ ಗಂಟೆ ಮುಂದೆ, ಸಿಂಗಪುರ ಎರಡೂವರೆ ಗಂಟೆ ಮುಂದೆ. ನೀವು ಹೊರಡುವಾಗ ಶಿವಮೊಗ್ಗದಲ್ಲಿ 8.30, ತಲುಪುವಾಗ 10.55. ಬರುವಾಗ 1.30ರಿಂದ 3.55. ಎರಡೂ ಕಡೆ 2 ಗಂಟೆ 25 ನಿಮಿಷವೇ.

ದೂರ ಸುಮಾರು 1,415 ಕಿ.ಮೀ. ಗಂಟೆಗೆ 800 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಹಾರುವ ವಿಮಾನಕ್ಕೆ ಇಷ್ಟು ಹೊತ್ತೇಕೆ ಎನ್ನಬಹುದು. ಟಿಕೆಟ್‌ನ ಲೆಕ್ಕ ವಿಮಾನ ಗೇಟ್ ಬಿಡುವಲ್ಲಿಂದ ಇನ್ನೊಂದು ಗೇಟಿಗೆ ಬಂದು ನಿಲ್ಲುವವರೆಗಿನದು. ರನ್‌ವೇವರೆಗಿನ ಓಟ, ಸರದಿಗೆ ಕಾಯುವುದು, ಏರುವುದು, ಇಳಿಯುವುದು ಎಲ್ಲವೂ ಅದರೊಳಗೇ ಸೇರಿವೆ. ಇನ್ನು ಗಾಳಿ: ಇದು ಹೆಚ್ಚುಕಡಿಮೆ ಉತ್ತರ-ದಕ್ಷಿಣದ ದಾರಿ, ಸಮಭಾಜಕಕ್ಕೆ ಹತ್ತಿರದ್ದು. ಗಾಳಿಯಿಂದ ಕೆಲವು ನಿಮಿಷ ಹೆಚ್ಚುಕಡಿಮೆ ಆಗಬಹುದು, ಗಂಟೆಗಟ್ಟಲೆ ಅಲ್ಲ.

ನನಗೆ ಬಹಳ ಸ್ವಾರಸ್ಯವೆನಿಸುವುದು ಆ ಒಂದು ಗಂಟೆಯ ಅಂತರ. ಸೂರ್ಯನನ್ನು ಕೇಳಿದರೆ ಎರಡು ನಗರಗಳ ನಡುವೆ ಕಾಲು ಗಂಟೆಯ ವ್ಯತ್ಯಾಸವೂ ಇಲ್ಲ. ಸಿಂಗಪುರದ ಗಡಿಯಾರ ಸೂರ್ಯನಿಗಿಂತ ಹೆಚ್ಚಾಗಿ ರಾಜಕೀಯಕ್ಕೆ ಓಗೊಟ್ಟಿದೆ. 1942ರಲ್ಲಿ ಜಪಾನೀಯರು ಊರನ್ನು ಹಿಡಿದಾಗ ಅಲ್ಲಿ ಟೋಕಿಯೋ ಸಮಯವನ್ನೇ ಹೇರಿದರು. ಯುದ್ಧ ಮುಗಿದ ಮೇಲೆ ಅದು ಗ್ರೀನಿಚ್‌ಗಿಂತ ಏಳೂವರೆ ಗಂಟೆ ಮುಂದಿನ ಹಳೆಯ ಸಮಯಕ್ಕೆ ಮರಳಿತು. ಆಮೇಲೆ ಮಲೇಷ್ಯಾ ತನ್ನ ಪಶ್ಚಿಮ ಭಾಗದ ಗಡಿಯಾರವನ್ನು ಪೂರ್ವ ಭಾಗದ ರಾಜ್ಯಗಳಾದ ಸಬಾ, ಸರವಾಕ್‌ಗಳಿಗೆ ಸರಿಹೊಂದಿಸಲು ಅರ್ಧ ಗಂಟೆ ಮುಂದಿಟ್ಟಿತು. ನೆರೆಯೊಂದಿಗೆ ಅಷ್ಟೊಂದು ವ್ಯವಹಾರವಿದ್ದ ಸಿಂಗಪುರವೂ 1982ರ ಜನವರಿ 1ರಿಂದ ಅದನ್ನೇ ಅನುಸರಿಸಿತು. ಹಾಗಾಗಿ ಅಲ್ಲಿ ವರ್ಷವಿಡೀ ಬೆಳಗಾಗುವುದು ಏಳರ ಸುಮಾರಿಗೆ. ಆರಕ್ಕೆ ಎದ್ದು ವಾಕಿಂಗ್ ಹೊರಡುವ ಅಭ್ಯಾಸವಿದ್ದರೆ ಹೊರಗೆ ಇನ್ನೂ ಕತ್ತಲೆಯೇ ಇರುತ್ತದೆ, ಗಾಬರಿಯಾಗಬೇಡಿ.

ಮೊಬೈಲ್ ಸಾಮಾನ್ಯವಾಗಿ ತಾನಾಗಿ ಸಮಯ ಬದಲಿಸಿಕೊಳ್ಳುತ್ತದೆ. ಕೈಗಡಿಯಾರವನ್ನು ವಿಮಾನದಲ್ಲಿ ಕುಳಿತ ಕೂಡಲೇ ನೀವೇ ತಿರುಗಿಸಿ. ಮಗಳಿಗೆ ‘ಸಿಂಗಪುರದ ಸಮಯ 1.25’ ಎಂದೇ ತಿಳಿಸಿ. ವಲಸೆ ತಪಾಸಣೆ, ಲಗೇಜು ಮುಗಿಸಿ ನೀವು ಹೊರಬರಲು ಇನ್ನಷ್ಟು ಹೊತ್ತಾಗುತ್ತದೆ.

ಇದಕ್ಕಿಂತ ಮುಖ್ಯವಾದ ಒಂದು ಮಾತು: ಬ್ಯಾಂಕಾಕಿನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. ಸುವರ್ಣಭೂಮಿ ನಗರದ ಪೂರ್ವಕ್ಕಿದೆ, ಡಾನ್ ಮುವಾಂಗ್ ಉತ್ತರಕ್ಕೆ. ಕಡಿಮೆ ದರದ ವಿಮಾನಗಳು ಹೆಚ್ಚಾಗಿ ಎರಡನೆಯದರಿಂದ ಹೊರಡುತ್ತವೆ. ಟಿಕೆಟ್‌ನಲ್ಲಿ ‘ಬಿಕೆಕೆ’ ಎಂದಿದ್ದರೆ ಸುವರ್ಣಭೂಮಿ, ‘ಡಿಎಂಕೆ’ ಎಂದಿದ್ದರೆ ಡಾನ್ ಮುವಾಂಗ್. ಹೋಗುವ ಮತ್ತು ಬರುವ ಎರಡೂ ಟಿಕೆಟ್‌ಗಳಲ್ಲಿ ಆ ಮೂರಕ್ಷರಗಳನ್ನು ಇವತ್ತೇ ನೋಡಿಕೊಳ್ಳಿ.