ಎರಡು ಸೀಟುಗಳ ನಡುವೆ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದಿಂದ ನೀವು ಬರೆದ ಪತ್ರ ತಲುಪಿದೆ. ಬರುವ ಆಗಸ್ಟ್‌ನಲ್ಲಿ ವೈದ್ಯಕೀಯ ಓದು ಆರಂಭಿಸಲಿರುವ ನಿಮ್ಮ ಮಗಳಿಗೆ ಎರಡು ಕಾಲೇಜುಗಳಿಂದ ಪ್ರವೇಶ ದೊರೆತಿದೆ. ಒಂದು ನೀವಿರುವ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದ್ದು, ಊಟ ವಸತಿ ಸೇರಿ ವರ್ಷಕ್ಕೆ 52,000 ಡಾಲರ್ ಖರ್ಚು. ಇನ್ನೊಂದು ದೂರದ, ಎಲ್ಲರೂ ಹೆಸರು ಕೇಳಿರುವ ಖಾಸಗಿ ಸಂಸ್ಥೆ. ಅಲ್ಲಿನ 97,000 ಡಾಲರ್ ಖರ್ಚಿನಲ್ಲಿ ಅವರು ಕೊಡುವ 15,000 ಡಾಲರ್ ನೆರವನ್ನು ಕಳೆದರೂ 82,000 ಉಳಿಯುತ್ತದೆ. ನಿಮ್ಮ ಯಜಮಾನರ ಒಲವು ಹೆಸರಿನ ಕಡೆಗೆ, ನಿಮ್ಮದು ಹತ್ತಿರದ ಕಾಲೇಜಿನ ಕಡೆಗೆ. ಮಗಳು ಮಾತ್ರ ‘ನೀವಿಬ್ಬರೂ ಮೊದಲು ಒಂದು ತೀರ್ಮಾನಕ್ಕೆ ಬನ್ನಿ’ ಎಂದು ಸುಮ್ಮನಾಗಿದ್ದಾಳೆ. ಸದ್ಯಕ್ಕೆ ಅವಳಿಗೆ ಮಕ್ಕಳ ವೈದ್ಯೆಯಾಗುವ ಆಸೆಯಿದೆ ಎಂದೂ ಬರೆದಿದ್ದೀರಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಕೊಟ್ಟಿರುವ ಅಂಕಿಗಳು ಇವೇ ಆಗಿದ್ದರೆ, ಬಲವಾದ ಬೇರೊಂದು ಕಾರಣ ಸಿಗುವ ತನಕ ರಾಜ್ಯದ ಕಾಲೇಜೇ ಮೇಲು. ಹೀಗೆನ್ನಲು ಮುಖ್ಯ ಕಾರಣ ಸಾಲದ ನಿಯಮಗಳಲ್ಲಿ ಈಚೆಗೆ ಆಗಿರುವ ಬದಲಾವಣೆ. ನಿಮ್ಮ ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲ.

ಇಷ್ಟು ವರ್ಷ ಅಲ್ಲಿನ ವೈದ್ಯ ವಿದ್ಯಾರ್ಥಿಗಳು ‘ಗ್ರಾಡ್ ಪ್ಲಸ್’ ಎಂಬ ಯೋಜನೆಯಡಿ ಕಾಲೇಜಿನ ಪೂರ್ತಿ ಖರ್ಚಿನಷ್ಟನ್ನೂ ಕೇಂದ್ರ ಸರ್ಕಾರದಿಂದಲೇ ಸಾಲ ಪಡೆಯಬಹುದಿತ್ತು. 2025ರಲ್ಲಿ ಬಂದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಆ ಬಾಗಿಲು ಮುಚ್ಚುತ್ತದೆ. ವೈದ್ಯಕೀಯದಂಥ ವೃತ್ತಿಶಿಕ್ಷಣಕ್ಕೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಎಂಬ ಮಿತಿ ಬಿದ್ದಿದೆ. ಈ ಮಿತಿಯನ್ನು ಎರಡು ಕಾಲೇಜುಗಳ ಖರ್ಚಿನ ಪಕ್ಕದಲ್ಲಿ ಇಟ್ಟು ನೋಡಿ. ರಾಜ್ಯದ ಕಾಲೇಜಿನಲ್ಲಿ ಸರ್ಕಾರಿ ಸಾಲದ ಮೇಲೆ ವರ್ಷಕ್ಕೆ 2,000 ಡಾಲರ್ ಹೊಂದಿಸಿದರೆ ಸಾಕು. ಖಾಸಗಿ ಸಂಸ್ಥೆಯಲ್ಲಿ ವರ್ಷಕ್ಕೆ 32,000, ನಾಲ್ಕು ವರ್ಷಕ್ಕೆ 1,28,000 ಡಾಲರ್ ಹೊರಗಿನಿಂದ ಬರಬೇಕು. ಅದು ಖಾಸಗಿ ಸಾಲವಾದರೆ ಬ್ಯಾಂಕಿನವರು ಸಾಮಾನ್ಯವಾಗಿ ಜೊತೆಗೊಬ್ಬರ ಸಹಿ ಕೇಳುತ್ತಾರೆ, ಆ ಸಹಿ ನಿಮ್ಮದೋ ನಿಮ್ಮ ಯಜಮಾನರದೋ ಆಗಿರುತ್ತದೆ. ನಿವೃತ್ತಿಗೆ ಆರೇಳು ವರ್ಷ ಇದೆ, ಚಿಕ್ಕವನ ಓದು ಇನ್ನೂ ಬಾಕಿಯಿದೆ ಎಂದು ನೀವೇ ಬರೆದಿರುವಾಗ ಇದನ್ನು ಮಗಳೊಬ್ಬಳ ಸಾಲ ಎಂದುಕೊಳ್ಳುವಂತಿಲ್ಲ.

ಬಡ್ಡಿಯ ವಿಷಯವನ್ನೂ ಹೇಳಬೇಕು. ಸರ್ಕಾರಿ ಸಾಲಕ್ಕೆ 2025-26ನೇ ಸಾಲಿನ ದರ ಶೇ. 7.94 ಇತ್ತು, ಮತ್ತು ಹಣ ಕೈಗೆ ಬಂದ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ. ಪ್ರತಿವರ್ಷದ ಆರಂಭದಲ್ಲಿ 50,000ದಂತೆ ಇದೇ ದರದಲ್ಲಿ ತೆಗೆದುಕೊಂಡರೆ, ಪದವಿ ಮುಗಿಯುವ ಹೊತ್ತಿಗೆ 2 ಲಕ್ಷದ ಅಸಲಿನ ಮೇಲೆ ಹತ್ತಿರ ಹತ್ತಿರ 40,000 ಡಾಲರ್ ಬಡ್ಡಿ ಕೂತಿರುತ್ತದೆ. ಇಷ್ಟು ಭಾರ ಎರಡೂ ಕಡೆ ಇದ್ದದ್ದೇ. ಖಾಸಗಿ ಸಾಲ ಅದರ ಮೇಲಿನದು. ಸರ್ಕಾರಿ ಅಥವಾ ಲಾಭರಹಿತ ಆಸ್ಪತ್ರೆಯಲ್ಲಿ ದುಡಿಯುತ್ತ 120 ಕಂತು ಕಟ್ಟಿದವರಿಗೆ ಉಳಿದ ಸರ್ಕಾರಿ ಸಾಲ ಮನ್ನಾ ಆಗುವ ಯೋಜನೆಯೊಂದಿದೆ, ಆದರೆ ಖಾಸಗಿ ಸಾಲಕ್ಕೆ ಅದು ಅನ್ವಯಿಸುವುದಿಲ್ಲ. ಮಕ್ಕಳ ವೈದ್ಯರು ಅಲ್ಲಿ ಉಳಿದ ತಜ್ಞರಿಗಿಂತ ಕಡಿಮೆ ಸಂಪಾದಿಸುವವರ ಸಾಲಿನಲ್ಲಿದ್ದಾರೆ ಎಂಬುದನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಯಜಮಾನರ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಅಲ್ಲಿ ವೈದ್ಯವೃತ್ತಿಯ ಪರವಾನಗಿಗೆ ಬರೆಯಬೇಕಾದ ಯುಎಸ್‌ಎಂಎಲ್‌ಇಯ ಮೊದಲ ಹಂತದ ಪರೀಕ್ಷೆಗೆ 2022ರ ಜನವರಿಯಿಂದ ಅಂಕಗಳಿಲ್ಲ, ತೇರ್ಗಡೆ ಅಥವಾ ಅನುತ್ತೀರ್ಣ ಅಷ್ಟೆ. ಅಂಕದ ಅಳತೆಗೋಲು ಒಂದು ಕಡಿಮೆಯಾದಾಗ ರೆಸಿಡೆನ್ಸಿಗೆ, ಅಂದರೆ ಪದವಿಯ ನಂತರ ಆಸ್ಪತ್ರೆಯಲ್ಲಿ ಪಡೆಯುವ ತಜ್ಞ ತರಬೇತಿಗೆ, ಆರಿಸುವವರ ಕಣ್ಣು ಕಾಲೇಜಿನ ಹೆಸರಿನ ಮೇಲೆ ಹೆಚ್ಚು ಬೀಳಬಹುದೆಂಬ ಆತಂಕ ನಿರಾಧಾರವಲ್ಲ. ನರಶಸ್ತ್ರಚಿಕಿತ್ಸೆ, ಚರ್ಮರೋಗ, ಮೂಳೆ ಶಸ್ತ್ರಚಿಕಿತ್ಸೆಯಂಥ ಪೈಪೋಟಿಯ ವಿಭಾಗಗಳಲ್ಲಿ ಹೆಸರಾಂತ ಕಾಲೇಜಿನ ಪ್ರಾಧ್ಯಾಪಕರ ಶಿಫಾರಸಿಗೂ ಅಲ್ಲಿ ಮಾಡಿದ ಸಂಶೋಧನೆಗೂ ಬೆಲೆಯಿದೆ; ಮಗಳ ಮನಸ್ಸು ಅತ್ತ ಇದ್ದಿದ್ದರೆ ನಾನು ಇಷ್ಟು ಖಚಿತವಾಗಿ ಬರೆಯುತ್ತಿರಲಿಲ್ಲ. ಮಕ್ಕಳ ವೈದ್ಯಕೀಯಕ್ಕೆ ಅಂಥ ನೂಕುನುಗ್ಗಲಿಲ್ಲ. ಎರಡನೇ ಹಂತದ ಪರೀಕ್ಷೆಗೆ ಈಗಲೂ ಅಂಕಗಳಿವೆ, ಅವನ್ನು ಯಾವ ಕಾಲೇಜಿನಲ್ಲಿದ್ದರೂ ಗಳಿಸಬಹುದು. ಇನ್ನು ಶ್ರೇಯಾಂಕ ಪಟ್ಟಿಯ ಮಾತು: 2023ರ ಜನವರಿಯಲ್ಲಿ ಹಾರ್ವರ್ಡ್ ವೈದ್ಯಕೀಯ ಕಾಲೇಜೇ ‘ಯುಎಸ್ ನ್ಯೂಸ್’ ಪಟ್ಟಿಗೆ ಮಾಹಿತಿ ಕೊಡುವುದನ್ನು ನಿಲ್ಲಿಸಿತು, ಹಲವು ಕಾಲೇಜುಗಳು ಅದರ ಹಿಂದೆಯೇ ಹೋದವು, ಮರುವರ್ಷ ಆ ಪತ್ರಿಕೆಯೂ ಒಂದು, ಎರಡು ಎಂದು ಎಣಿಸುವುದನ್ನು ಬಿಟ್ಟು ಕಾಲೇಜುಗಳನ್ನು ಶ್ರೇಣಿಗಳಾಗಿ ವಿಂಗಡಿಸತೊಡಗಿತು. ನಾಲ್ಕು ಜನ ಕೇಳಿದಾಗ ಹೆಮ್ಮೆಯಿಂದ ಹೇಳಿಕೊಳ್ಳಬೇಕೆಂಬ ತಂದೆಯ ಆಸೆ ಸಹಜವೇ. ಅದಕ್ಕೆ ವರ್ಷಕ್ಕೆ 30,000ದಂತೆ ನಾಲ್ಕು ವರ್ಷಕ್ಕೆ 1,20,000 ಡಾಲರ್ ಹೆಚ್ಚಿಗೆ ತೆರಬೇಕೇ ಎಂಬುದನ್ನು ಅವರೇ ಯೋಚಿಸಲಿ.

ಹೆಸರಿಗಿಂತ ಹೆಚ್ಚು ವಿಚಾರಿಸಬೇಕಾದದ್ದು ಮೂರನೇ ವರ್ಷವನ್ನು. ಮೊದಲ ಒಂದೂವರೆ ಎರಡು ವರ್ಷದ ಪಾಠ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಅನೇಕ ವಿದ್ಯಾರ್ಥಿಗಳು ಉಪನ್ಯಾಸಗಳನ್ನು ಮನೆಯಲ್ಲೇ ಕೂತು ಕೇಳುತ್ತಾರೆ. ಆಮೇಲೆ ವಾರ್ಡಿಗೆ ಇಳಿದಾಗ ವ್ಯತ್ಯಾಸ ತಿಳಿಯುತ್ತದೆ. ಕಾಲೇಜಿಗೆ ಸ್ವಂತ ಆಸ್ಪತ್ರೆಯಿದೆಯೇ, ಅಥವಾ ಆರು ವಾರ ಒಂದೂರು, ಆರು ವಾರ ಇನ್ನೊಂದೂರು ಎಂದು ಕಾರಿನಲ್ಲಿ ಓಡಾಡಬೇಕೇ? ಒಂದು ತಂಡದಲ್ಲಿ ಎಷ್ಟು ಜನ ವಿದ್ಯಾರ್ಥಿಗಳಿರುತ್ತಾರೆ? ಮಕ್ಕಳಿಗೆಂದೇ ಪ್ರತ್ಯೇಕ ಆಸ್ಪತ್ರೆ ಇದೆಯೇ, ಆ ವಿಭಾಗದಲ್ಲಿ ಕಾಲೇಜಿನದೇ ರೆಸಿಡೆನ್ಸಿ ಇದೆಯೇ? ಮೊದಲ ವರ್ಷಗಳಿಗೆ ‘ಪಾಸ್-ಫೇಲ್’ ಎಂದು ಹೇಳಿಕೊಳ್ಳುವ ಕಡೆಗಳಲ್ಲೂ ಒಳಗೊಳಗೇ ಅಂಕ ಎಣಿಸಿ, ಕೊನೆಗೆ ಡೀನ್ ಬರೆಯುವ ಪತ್ರದಲ್ಲಿ ವಿದ್ಯಾರ್ಥಿಯ ಸ್ಥಾನ ಸೂಚಿಸುವ ರೂಢಿ ಇರುತ್ತದೆ, ಅದನ್ನೂ ಕೇಳಬೇಕು. ಈ ಪ್ರಶ್ನೆಗಳಿಗೆ ಪ್ರವೇಶ ಕಚೇರಿಯವರ ಉತ್ತರ ಒಂದು ತೆರನಾಗಿದ್ದರೆ, ನಾಲ್ಕನೇ ವರ್ಷದ ವಿದ್ಯಾರ್ಥಿಯೊಬ್ಬಳು ಫೋನಿನಲ್ಲಿ ಬಿಡುವಾಗಿ ಹೇಳುವುದು ಇನ್ನೊಂದು ತೆರನಾಗಿರುತ್ತದೆ. ಮಗಳು ಎರಡೂ ಕಡೆಯ ಇಬ್ಬಿಬ್ಬರನ್ನಾದರೂ ಮಾತಾಡಿಸಲಿ. ಆ ಕರೆಗಳನ್ನು ಅವಳೇ ಮಾಡಬೇಕು, ನೀವಾಗಲಿ ಯಜಮಾನರಾಗಲಿ ಮಧ್ಯೆ ಬರಬೇಡಿ. ಅವಳ ಈಗಿನ ಮೌನ ನನಗೆ ಉದಾಸೀನವೆನ್ನಿಸುತ್ತಿಲ್ಲ. ಯಾವ ಕಾಲೇಜಿನ ಹೆಸರೆತ್ತಿದರೂ ಮನೆಯಲ್ಲಿ ಒಬ್ಬರಿಗೆ ಬೇಸರವಾಗುತ್ತದೆಂದು ಅವಳಿಗೆ ಗೊತ್ತಿದೆ. ದುಡ್ಡಿನ ಮಿತಿ ಎಷ್ಟು ಎಂಬುದನ್ನು ನೀವಿಬ್ಬರೂ ಕೂತು ಸ್ಪಷ್ಟವಾಗಿ ಹೇಳಿ, ಉಳಿದದ್ದನ್ನು ಅವಳಿಗೆ ಬಿಡಿ.

ಖಾಸಗಿ ಸಂಸ್ಥೆಯನ್ನು ಕೈಬಿಡುವ ಮುನ್ನ ಒಂದು ಪ್ರಯತ್ನ ಬಾಕಿಯಿದೆ. ರಾಜ್ಯದ ಕಾಲೇಜಿನ ಖರ್ಚಿನ ಪತ್ರವನ್ನು ಲಗತ್ತಿಸಿ, ‘ನಿಮ್ಮಲ್ಲಿಗೆ ಬರುವ ಮನಸ್ಸಿದೆ, ನೆರವನ್ನು ಇನ್ನೊಮ್ಮೆ ಪರಿಶೀಲಿಸಲು ಸಾಧ್ಯವೇ’ ಎಂದು ಮಗಳು ಆ ಸಂಸ್ಥೆಯ ನೆರವಿನ ವಿಭಾಗಕ್ಕೆ ಬರೆಯಬಹುದು. ಇದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ, ಅವರಿಗೆ ಇಂಥ ಪತ್ರಗಳು ಬಂದೇ ಬರುತ್ತವೆ. ನೆರವು 15,000ದಿಂದ 40,000ಕ್ಕೆ ಏರಿದರೆ ನನ್ನ ಸಲಹೆಯನ್ನು ಬದಿಗಿಟ್ಟು ಮತ್ತೆ ಯೋಚಿಸಿ. 20,000ಕ್ಕೆ ನಿಂತರೆ ಬೇಡ.

ದಿನಗಳು ಹೆಚ್ಚಿಲ್ಲ. ಒಂದಕ್ಕಿಂತ ಹೆಚ್ಚು ಸೀಟು ಇಟ್ಟುಕೊಂಡವರು ಏಪ್ರಿಲ್ 30ರೊಳಗೆ ಒಂದನ್ನು ಉಳಿಸಿಕೊಂಡು ಉಳಿದವನ್ನು ಬಿಟ್ಟುಕೊಡಬೇಕೆಂಬುದು ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘದ ಸೂಚನೆ. ನೆರವಿನ ಪತ್ರ ಈ ವಾರವೇ ಹೋಗಲಿ, ಉತ್ತರ ಬರಲು ಹತ್ತು ಹದಿನೈದು ದಿನ ಹಿಡಿಯಬಹುದು.

— ಸಂಪಾದಕ