ಸಂಗೀತಕ್ಕೆ ಮಡಿ ಯಾಕೆ ಅಂದಿರಾ?

ಗದಗದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗವಿಲ್ಲ, ತಿರುಳು ಇಷ್ಟು: "ಡಬ್ ಮಾಡುವಾಗ ಅನಿಮೆಗಳ (ಜಪಾನಿ ಕಾರ್ಟೂನುಗಳ) ಹಿನ್ನೆಲೆ ಸಂಗೀತ ಬದಲಿಸುವವರನ್ನು ಹೋದ ಸಂಚಿಕೆಯೊಳಗ ಚೊಲೋತ್ನಾಗಿ ಬೈದೀರಿ. ನಾನು ಡ್ರ್ಯಾಗನ್ ಬಾಲ್ ಜೀ ನೋಡಿದ್ದು ಅಮೆರಿಕದ ಇಂಗ್ಲಿಷಿನ್ಯಾಗ. ಹೀರೋ ಗೋಕು ಸಿಟ್ಟಿಗೆದ್ದಾಗ ಆ ಗಿಟಾರ್ ಬರಲಿಲ್ಲಂದ್ರ ಮೈ ಜುಂ ಅನ್ನಂಗಿಲ್ಲ ಸರ್. ಜಪಾನಿ ಸಂಗೀತ ಹಾಕಿ ನೋಡಿದೆ, ಯಾವುದೋ ಹಳೇ ಸಿನಿಮಾ ನೋಡಿದಂಗಾತು. ಮಾತು ಬದಲಿಸಬಹುದು, ಮಾತಾಡೋ ಧಾಟಿ ಬದಲಿಸಬಹುದು, ಸಂಗೀತಕ್ಕಷ್ಟೇ ಯಾಕ ಮಡಿ?"

ಪತ್ರ ಓದಿ ಖುಷಿಯಾಯಿತು. ಮಡಿ ಅನ್ನುವ ಮಾತು ಸ್ವಲ್ಪ ಚುಚ್ಚಿತು ಕೂಡ. ಅದಕ್ಕೇ ಈ ಉದ್ದ ಉತ್ತರ.

ನಿಮ್ಮ ಗಿಟಾರಿನ ತಂಟೆಗೆ ನಾನು ಬರುವುದಿಲ್ಲ. ಅದು ಬ್ರೂಸ್ ಫಾಲ್ಕನರ್ ತಂಡದ ಕೆಲಸ, ಅಮೆರಿಕದ ಡಬ್ಬಿಂಗಿಗೆ 1999ರಿಂದ ಸೇರಿದ್ದು. ಗಿಟಾರ್, ಸಿಂಥ್, ಎದೆಗೆ ಗುದ್ದುವ ಲಯ. ಹತ್ತು ವರ್ಷದ ಹುಡುಗನ ಕಿವಿಗೆ ಬಿದ್ದದ್ದು ಅರವತ್ತರವರೆಗೂ ಹೋಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಆಯಿತಾ? ಈಗ ನನ್ನ ಮಾತು ಕೇಳಿ.

ನಿಮಗೆ ಹಳೇ ಸಿನಿಮಾದಂತೆ ಕೇಳಿಸಿದ ಸಂಗೀತ ಶುನ್ಸುಕೆ ಕಿಕುಚಿ ಅವರದು. ಜಪಾನಿನಲ್ಲಿ ಆ ಸರಣಿ 1989ರಿಂದ 1996ರವರೆಗೆ ಓಡಿತು, 291 ಕಂತು. ಡೊರೇಮಾನ್‌ಗೆ 1979ರಲ್ಲಿ ಸಂಗೀತ ಕೊಟ್ಟವರೂ ಇವರೇ. 2021ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸಂಗೀತ ಯಾವಾಗ ಶುರುವಾಗುತ್ತದೆ ಅನ್ನುವುದಕ್ಕಿಂತ ಎಲ್ಲಿ ನಿಲ್ಲುತ್ತದೆ ಅಂತ ಒಮ್ಮೆ ಗಮನಿಸಿ. ಇಬ್ಬರು ಎದುರುಬದುರು ನಿಂತಿರುತ್ತಾರೆ. ಬರೀ ಗಾಳಿ. ಒಂದು ಕಲ್ಲು ಉರುಳುತ್ತದೆ. ಆಗ ಹೊಡೆತ ಬೀಳುತ್ತದೆ. ಅಮೆರಿಕದ ಆವೃತ್ತಿಯಲ್ಲಿ ಆ ಗಾಳಿಯ ಜಾಗಕ್ಕೂ ಏನೋ ಒಂದು ಗುಂಯ್‌ಗುಡುತ್ತಲೇ ಇರುತ್ತದೆ. ನನ್ನ ತಕರಾರು ಇಷ್ಟೇ ಸ್ವಾಮಿ. ಗಿಟಾರ್ ಕೆಟ್ಟದ್ದು ಅಂತಲ್ಲ, ಅದು ಬಾಯಿ ಮುಚ್ಚುವುದಿಲ್ಲ ಅಂತ.

ಇದಕ್ಕೆ ವ್ಯಾಪಾರದ ಕಾರಣವೂ ಉಂಟು. ಹೊಸ ಸಂಗೀತ ಮಾಡಿಸಿದರೆ ಅದರ ಹಕ್ಕು, ರಾಯಲ್ಟಿ ಮಾಡಿಸಿದವರಿಗೆ ಬರುತ್ತದೆ. ಹಳೆಯದನ್ನು ಇಟ್ಟುಕೊಂಡರೆ ಜಪಾನಿನವರಿಗೆ ಹೋಗುತ್ತದೆ. ಮಕ್ಕಳಿಗೆ ಬೋರಾಗುತ್ತದೆ ಅನ್ನುವ ನೆಪ ಎಷ್ಟೋ ಸಲ ಆಮೇಲೆ ಹುಟ್ಟಿಕೊಂಡದ್ದು ಅಂತ ನನ್ನ ಗುಮಾನಿ. 2000ದಲ್ಲಿ ಎಸ್ಕಾಫ್ಲೋನ್ ಸರಣಿಯನ್ನು ಅಮೆರಿಕದ ಟಿವಿಗೆ ತಂದಾಗ ಮೊದಲ ಕಂತನ್ನೇ ಕೈಬಿಟ್ಟರು, ಯೋಕೋ ಕನ್ನೋ ಅವರ ಸಂಗೀತವನ್ನು ಅಲ್ಲಲ್ಲಿ ತೆಗೆದು ಟೆಕ್ನೋ ಅನ್ನುವ ಡಾನ್ಸ್ ಸಂಗೀತ ಬಡಿದರು. ಮಕ್ಕಳಿಗೆ ಬೋರಾಗಬಾರದು ಅಂತಲೇ. 26 ಕಂತು ಮುಗಿಯುವ ಮೊದಲೇ ಅಲ್ಲಿ ಸರಣಿ ನಿಂತುಹೋಯಿತು.

ನನ್ನ ಮನಸ್ಸಿಗೆ ಹತ್ತಿರದ ಉದಾಹರಣೆ ಬೇರೆ. ಜಪಾನಿನ ಅನಿಮೆ ನಿರ್ದೇಶಕ ಮಿಯಾಜಾಕಿ ಅವರ 'ಕ್ಯಾಸಲ್ ಇನ್ ದ ಸ್ಕೈ', 1986ರದು, 124 ನಿಮಿಷ. ಅದರಲ್ಲಿ ಸಂಗೀತ ಇದ್ದದ್ದು ಸುಮಾರು ಒಂದು ಗಂಟೆ. ಡಿಸ್ನಿಯವರ ಇಂಗ್ಲಿಷ್ ಡಬ್ಬಿಂಗಿಗಾಗಿ ಜೋ ಹಿಸಾಯಿಶಿ ಅದನ್ನು ಹಿಗ್ಗಿಸಿ ಒಂದೂವರೆ ಗಂಟೆ ಮಾಡಿದರು. ಹೌದು, ಮೂಲ ಸಂಗೀತಗಾರರೇ ಕೂತು ಮಾಡಿಕೊಟ್ಟದ್ದು. ಇಲ್ಲಿ ನನ್ನ ವಾದ ಕುಂಟುತ್ತದೆ, ಗೊತ್ತು. ಅವರ ಹೊಲ, ಅವರೇ ಉತ್ತರೆ ನಾನ್ಯಾರು ಕೇಳುವುದಕ್ಕೆ? ಆದರೂ ಕೇಳುತ್ತೇನೆ. ಮೂಲದ ಆರಂಭದಲ್ಲಿ ಆಕಾಶಗಳ್ಳರು ವಿಮಾನಕ್ಕೆ ನುಗ್ಗುವಾಗ ಸಂಗೀತವೇ ಇಲ್ಲ. ಎಂಜಿನ್ನು, ಗಾಳಿ, ಕಿಟಕಿ ಒಡೆಯುವ ಸದ್ದು. ಹುಡುಗಿ ಮೋಡದ ಮೇಲಿಂದ ಕೆಳಗೆ ಬಿದ್ದ ಮೇಲೇ ಸಂಗೀತ. ನನ್ನ ತಂಗಿಯ ಒಂಬತ್ತು ವರ್ಷದ ಮಗಳಿಗೆ ಇದನ್ನು ತೋರಿಸಿದಾಗ "ಮಾಮ, ಸೌಂಡ್ ಹೋಯ್ತಾ?" ಅಂದಳು. ಇಲ್ಲ ನೋಡು ಅಂದೆ. ದಿಂಬು ತಬ್ಬಿಕೊಂಡು, ಉಸಿರು ಹಿಡಿದು ನೋಡಿದಳು. ವಾರ ಬಿಟ್ಟು ಡಿಸ್ನಿಯ ಆರಂಭ ಹಾಕಿದೆ. ಚಿಪ್ಸ್ ತಿನ್ನುತ್ತಾ ನೋಡಿದಳು. ಒಂದು ಮಗುವಿನ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಬಿಡಿ.

ಮಿಯಾಜಾಕಿ ಅವರದೇ 'ಕಿಕೀಸ್ ಡೆಲಿವರಿ ಸರ್ವೀಸ್' ಕಥೆ ಇನ್ನೂ ವಿಚಿತ್ರ. ಮೂಲದಲ್ಲಿ ಪುಟ್ಟ ಮಾಟಗಾತಿ ಕಿಕಿಯ ಮಾತಾಡುವ ಬೆಕ್ಕು ಜಿಜಿ ಕೊನೆಗೆ ಮತ್ತೆ ಮಾತಾಡುವುದೇ ಇಲ್ಲ. ಹುಡುಗಿ ಬೆಳೆದಳು, ಬೆಕ್ಕು ಬೆಕ್ಕಾಯಿತು. ಎಂಥ ಹೊಟ್ಟೆ ಕಿವುಚುವ ಮೌನ ಅದು! 1998ರ ಡಬ್ಬಿಂಗಿನಲ್ಲಿ ಬೆಕ್ಕಿನ ಬಾಯಿಗೆ ಕೊನೆಯಲ್ಲಿ ಒಂದು ಮಾತು ತುರುಕಿದರು. ಆರಂಭದ ಹಾಡನ್ನೂ ಬದಲಿಸಿದರು. 2010ರ ಡಿವಿಡಿ ಬಂದಾಗ ಮೂಲ ಹಾಡುಗಳು ವಾಪಸ್ ಬಂದವು, ಬೆಕ್ಕೂ ಸುಮ್ಮನಾಯಿತು. 'ಪ್ರಿನ್ಸೆಸ್ ಮೊನೊನೊಕೆ'ಯನ್ನು ಕತ್ತರಿಸಬೇಡಿ ಅಂತ ಹೇಳಲು ನಿರ್ಮಾಪಕ ತೋಷಿಯೋ ಸುಜುಕಿ ಅಮೆರಿಕದ ವಿತರಕರಿಗೆ ಕತ್ತಿಯನ್ನೇ ಕೊಟ್ಟಿದ್ದರಂತೆ. ಸಂಗೀತದ ವಿಷಯಕ್ಕೂ ಒಂದು ಕತ್ತಿ ಕೊಡಬಾರದಿತ್ತೇ.

ಅಮೆರಿಕದವರನ್ನು ಬೈದು ನಾವು ಪಾರಾಗುವ ಹಾಗೂ ಇಲ್ಲ. ನಮ್ಮ ಧಾರಾವಾಹಿ ನೋಡಿ. ಅತ್ತೆ ತಲೆ ತಿರುಗಿಸಿದರೆ ಢಂ, ಸೊಸೆ ತಿರುಗಿಸಿದರೆ ಢಂ ಢಂ. ಅಡುಗೆಮನೆಯಲ್ಲಿ ಲೋಟ ಬಿದ್ದರೂ ಹಿಂದೆ ಹತ್ತು ವಯೊಲಿನ್ ಅಳುತ್ತವೆ. ಮದುವೆಮನೆಯಲ್ಲಿ ಪಕ್ಕದವರು ಕುಶಲ ಕೇಳಿದ್ದು ಕಿವಿಗೆ ಬೀಳುವುದಿಲ್ಲ. ಮೊನ್ನೆ ಒಂದು ಆಸ್ಪತ್ರೆಯ ಲಿಫ್ಟಿನಲ್ಲೂ ಸಂಗೀತ. ಒಳಗಿದ್ದ ನಾಲ್ಕು ಜನರ ಮುಖದಲ್ಲೂ ದುಃಖ, ಮೇಲೆ ಕೊಳಲು! ನಮಗೆ ಸುಮ್ಮನಿರುವುದೇ ಮರೆತುಹೋಗಿದೆ ಅನಿಸುತ್ತದೆ.

ಇನ್ನು ಧಾಟಿಯ ಪ್ರಶ್ನೆ. ಇಲ್ಲಿ ನಾನು ಪೂರ್ತಿ ನಿಮ್ಮ ಕಡೆ, ಒಂದು ಷರತ್ತಿನ ಮೇಲೆ. 'ಸೈಲರ್ ಮೂನ್' ಬೆಕ್ಕು ಲೂನಾಗೆ 1995ರ ಇಂಗ್ಲಿಷಿನಲ್ಲಿ ಬ್ರಿಟಿಷ್ ಧಾಟಿ ಕೊಟ್ಟರು, ಸುಮ್ನೆ, ಶೋಕಿಗೆ. 'ಒನ್ ಪೀಸ್'ನ ಅಡುಗೆಭಟ್ಟ ಸಾಂಜಿಗೆ 2004ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಮಾತು, ಸಿಗರೇಟಿನ ಬದಲು ಲಾಲಿಪಾಪ್ ಬೇರೆ. ಅವೆಲ್ಲ ನನಗೆ ಬೇಡ. ಆದರೆ 'ಅಜುಮಾಂಗಾ ದಾಯೋ'ದಲ್ಲಿ ಒಬ್ಬಳು ಹುಡುಗಿ ಓಸಾಕಾದಿಂದ ಟೋಕಿಯೋ ಶಾಲೆಗೆ ಬರುತ್ತಾಳೆ. ಎಲ್ಲರೂ ಅವಳಿಗೆ 'ಓಸಾಕಾ' ಅಂತಲೇ ಹೆಸರಿಡುತ್ತಾರೆ. ಓಸಾಕಾದವರು ಅಂದರೆ ಜೋರು, ತಮಾಷೆ, ವಾಚಾಳಿಗಳು ಅನ್ನುವ ಲೆಕ್ಕ ಟೋಕಿಯೋದವರದು. ಇವಳೋ ಕನಸು ಕಾಣುವ, ನಿಧಾನದ ಹುಡುಗಿ. ಅವಳ ಮಾತು ಓಸಾಕಾ ಧಾಟಿಯಲ್ಲಿ ಇಲ್ಲದಿದ್ದರೆ ಆ ತಮಾಷೆಯೇ ಸತ್ತಂತೆ. ಅಮೆರಿಕದವರು ಅವಳಿಗೆ ತಮ್ಮ ದಕ್ಷಿಣದ ರಾಜ್ಯಗಳ ಎಳೆದಾಡುವ ಇಂಗ್ಲಿಷ್ ಕೊಟ್ಟರು. ಒಳ್ಳೆಯದನ್ನೇ ಮಾಡಿದರು. ಧಾಟಿ ಮೂಲದಲ್ಲೇ ಇತ್ತು, ಇವರು ದಾಟಿಸಿದರು.

ಹಾಗಾದರೆ ಕನ್ನಡದಲ್ಲಿ ಅವಳು ಹೇಗೆ ಮಾತಾಡಬೇಕು? ನಿಮ್ಮ ಹಾಗೆ, ಇನ್ನು ಹೇಗೆ! ಬೆಂಗಳೂರಿನ ಶಾಲೆ, ಗದಗದ ಹುಡುಗಿ. ಎಲ್ಲರೂ ಗಟ್ಟಿಗಿತ್ತಿ ಬರುತ್ತಾಳೆ ಅಂದುಕೊಂಡಿರುತ್ತಾರೆ, ಅವಳು ಕಿಟಕಿಯಾಚೆ ಗುಬ್ಬಿ ನೋಡುತ್ತಾ ಕೂರುತ್ತಾಳೆ.

ಆದರೆ ಮಾಡುವವರು ಯಾರು? ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಸ್ಟುಡಿಯೋಗೆ ಕಾರ್ಟೂನಿನ ಕನ್ನಡ ಸಂಭಾಷಣೆ ಬರೆದುಕೊಟ್ಟಿದ್ದೆ. ಅದರಲ್ಲೊಬ್ಬಳು ಹಳ್ಳಿಯ ಅಜ್ಜಿ. ಸಹೋದ್ಯೋಗಿಯ ರಾಯಚೂರಿನ ತಾಯಿ ಮಾತಾಡುವುದನ್ನು ಮೂರು ಸಂಜೆ ಕೂತು ಕೇಳಿ ಬರೆದೆ. ರೆಕಾರ್ಡಿಂಗ್ ದಿನ ಅಲ್ಲಿದ್ದವರು ಹಾಳೆ ತಿರುವಿ, "ಸರ್, ಇದು ಕಾಮಿಡಿ ಪಾತ್ರ ಅಲ್ವಲ್ಲ, ಯಾಕೆ ಈ ಭಾಷೆ?" ಅಂದರು. ಅಜ್ಜಿ ಕೊನೆಗೆ ವಾರ್ತೆ ಓದುವವರ ಹಾಗೆ ಮಾತಾಡಿದಳು. ನಮ್ಮ ಪರದೆಯಲ್ಲಿ ಪೇದೆಗೆ ಧಾರವಾಡದ ಮಾತು, ಹೋಟೆಲಿನವರಿಗೆ "ಎಂಥ ಮಾರಾಯ", ಗಂಭೀರ ಜನಕ್ಕೆ ಯಾವ ಊರಿನದೂ ಅಲ್ಲದ ಕನ್ನಡ. 2022ರಲ್ಲಿ 'ಕಾಂತಾರ' ಕುಂದಾಪುರದ ಮಾತಿನಲ್ಲೇ ಗೆದ್ದಿತು. ಪಾಠ ಕಲಿತವರು ಕಡಿಮೆ.

ಇನ್ನೊಂದು ಹೊಟ್ಟೆಯುರಿ. ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗೇ ಬೇಡ ಅಂತ ಬಾಗಿಲು ಹಾಕಿಕೊಂಡೆವು. 2015ರಲ್ಲಿ ವ್ಯಾಪಾರದ ಪೈಪೋಟಿ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಅದು ತಪ್ಪು ಅಂದಿತು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಡೊರೇಮಾನ್ ನೋಡಿ ಹಿಂದಿ ಕಲಿತಿದ್ದರು. 2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್' ಸಿನಿಮಾ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ನಾವಿಲ್ಲಿ ಯಾವ ಧಾಟಿ, ಯಾವ ಗಿಟಾರ್ ಅಂತ ಜಗಳವಾಡುತ್ತಾ ಕೂತಿದ್ದೇವೆ.

ಇರಲಿ. ಡ್ರ್ಯಾಗನ್ ಬಾಲ್ ಜೀಯ ಆಮೇಲಿನ ಡಿವಿಡಿಗಳಲ್ಲಿ ಇಂಗ್ಲಿಷ್ ಮಾತು, ಜಪಾನಿ ಸಂಗೀತ ಎರಡೂ ಒಟ್ಟಿಗೆ ಕೇಳುವ ಸೌಲಭ್ಯವಿದೆ. ಒಂದು ರಾತ್ರಿ ಫ್ಯಾನ್ ಆರಿಸಿ ಹಾಗೆ ನೋಡಿ. ಆಮೇಲೂ ಗಿಟಾರೇ ಬೇಕು ಅನಿಸಿದರೆ ಇನ್ನೊಂದು ಪತ್ರ ಹಾಕಿ, ಬೈಯುವುದಿಲ್ಲ. ಮತ್ತೆ, ಆ ಓಸಾಕಾ ಹುಡುಗಿ ಮೊದಲ ದಿನ ತರಗತಿಗೆ ಕಾಲಿಡುವ ದೃಶ್ಯವಿದೆಯಲ್ಲ, ಅವಳ ಮಾತುಗಳನ್ನು ನಿಮ್ಮ ಮನೆಯ ಕನ್ನಡದಲ್ಲಿ ಬರೆದು ಕಳಿಸುತ್ತೀರಾ? ಒಂದು ಪುಟ ಸಾಕು. ತಿದ್ದದೆ ಹಾಕುತ್ತೇವೆ.

— ಸಂ.