ಹಳೆ ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹೊಸ ಆಯಿಲ್ ಹಾಕಿದರೆ ಗೇರ್‌ಬಾಕ್ಸ್ ಕೈಕೊಡುತ್ತದೆಯಾ?

ನಿಮ್ಮ ಕಾರು 1969ರದ್ದು, ನಾಲ್ಕು ವರ್ಷ ಷೆಡ್ಡಿನಲ್ಲೇ ನಿಂತಿತ್ತು. ಗೇರ್‌ಬಾಕ್ಸ್ ಆಯಿಲ್ ಕೊನೆಯ ಸಲ ಯಾವಾಗ ಬದಲಾಯಿಸಿದ್ದು ಅಂತ ಯಾರಿಗೂ ಗೊತ್ತಿಲ್ಲ. "ಹಳೇದನ್ನ ಮುಟ್ಟಬೇಡಿ, ಹೊಸದು ಹಾಕಿದ ವಾರಕ್ಕೆ ಗೇರ್‌ಬಾಕ್ಸ್ ಹೋಗುತ್ತೆ" ಅಂತ ಮೆಕ್ಯಾನಿಕ್ ಹೇಳಿದ್ದಾರೆ. ಇದು ನಿಜವಾ, ಬದಲಾಯಿಸೋದಾದರೆ ಯಾವ ಆಯಿಲ್ ಹಾಕಬೇಕು ಅಂತ ಕೇಳಿದ್ದೀರಿ.

ಬದಲಾಯಿಸಿ. ಗೇರ್‌ಬಾಕ್ಸ್‌ನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ, ಅಂದರೆ ಪ್ಯಾನ್ ಬಿಚ್ಚಿ, ಫಿಲ್ಟರ್ ಸಮೇತ ಬದಲಾಯಿಸಿ. ಮೆಷಿನ್ ಹಚ್ಚಿ ಒತ್ತಡ ಕೊಟ್ಟು ತೊಳೆಸುವ ಕೆಲಸ ಮಾತ್ರ ಬೇಡ.

ನನ್ನ ಹತ್ತಿರ ಇರುವುದು 1970ರ ಬ್ಯುಯಿಕ್. ಅದರಲ್ಲಿರುವುದು ಟರ್ಬೊ ಹೈಡ್ರಾಮ್ಯಾಟಿಕ್ 400, ಮೂರು ಗೇರಿನದು. ಅದನ್ನು ಕೊಂಡಾಗ ನನಗೂ ಇದೇ ಮಾತು ಹೇಳಿದ್ದರು. ಆರು ತಿಂಗಳು ಹೆದರಿಕೊಂಡೇ ಓಡಿಸಿದೆ. ಆಮೇಲೆ ಪ್ಯಾನ್ ಬಿಚ್ಚಿದೆ. ಇವತ್ತಿಗೂ ಅದೇ ಗೇರ್‌ಬಾಕ್ಸ್ ಓಡುತ್ತಿದೆ.

ಆದರೆ ಆ ಮಾತು ಸುಮ್ನೆ ಹುಟ್ಟಿದ್ದಲ್ಲ. ಒಳಗಿನ ಕ್ಲಚ್ ಪ್ಲೇಟು ಸವೆದು ಗೇರು ಜಾರೋಕೆ ಶುರುವಾದ ಮೇಲೆಯೇ ಜಾಸ್ತಿ ಜನಕ್ಕೆ ಆಯಿಲ್ ನೆನಪಾಗುವುದು. ಅಷ್ಟೊತ್ತಿಗೆ ಗೇರ್‌ಬಾಕ್ಸ್ ಕಥೆ ಮುಗಿದಿರುತ್ತದೆ. ಹೊಸ ಆಯಿಲ್ ಹಾಕಿಸಿದ ಕೆಲವೇ ದಿನಕ್ಕೆ ಅದು ನಿಂತರೆ ಬೈಗುಳ ಆಯಿಲ್‌ಗೆ. ಇನ್ನೊಂದು ಕಾರಣವೂ ಇದೆ. ಗೇರ್‌ಬಾಕ್ಸ್ ಒಳಗೆ ವಾಲ್ವ್ ಬಾಡಿ ಅಂತ ಒಂದು ಭಾಗ. ಸಣ್ಣ ಸಣ್ಣ ಕಾಲುವೆಗಳ ಜಾಲ ಅದು. ಯಾವ ಗೇರು ಯಾವಾಗ ಬೀಳಬೇಕು ಅನ್ನುವುದನ್ನು ಆ ಕಾಲುವೆಗಳಲ್ಲಿ ಹರಿಯುವ ಆಯಿಲ್‌ನ ಒತ್ತಡವೇ ತೀರ್ಮಾನಿಸುತ್ತದೆ. ಐವತ್ತು ವರ್ಷದ ಕೊಳೆಯನ್ನು ಮೆಷಿನ್ ಹಚ್ಚಿ ಒಮ್ಮೆಲೇ ಎಬ್ಬಿಸಿದರೆ ಅದು ಹೋಗಿ ಅಲ್ಲೇ ಸಿಕ್ಕಿಕೊಳ್ಳಬಹುದು. ಪ್ಯಾನ್ ಬಿಚ್ಚಿ ಇಳಿಸಿದರೆ ತಳದಲ್ಲಿ ಕೂತ ಕೊಳೆ ಪ್ಯಾನ್ ಜೊತೆಗೇ ಆಚೆ ಬರುತ್ತದೆ.

ಬಿಚ್ಚುವ ಮುಂಚೆ ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ಒಂದು ತೊಟ್ಟು ಆಯಿಲನ್ನು ಬಿಳಿ ಕಾಗದದ ಮೇಲೆ ಬಿಡಿ. ಹೊಸ ಆಯಿಲ್ ಕೆಂಪಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ ಅಷ್ಟೇ, ಗಾಬರಿ ಬೇಡ. ಮೂಸಿ ನೋಡಿ. ಸುಟ್ಟ ವಾಸನೆ ಗಾಢವಾಗಿದ್ದು, ಕಾಗದದ ಮೇಲೆ ಕರಿ ಪುಡಿ ಉಳಿದರೆ ಕ್ಲಚ್ ಪ್ಲೇಟು ಸುಟ್ಟಿದೆ ಅಂತ ಅರ್ಥ. ಅಂಥ ಗೇರ್‌ಬಾಕ್ಸನ್ನು ಆಯಿಲ್ ಉಳಿಸುವುದಿಲ್ಲ, ಇಳಿಸಿ ರಿಪೇರಿ ಮಾಡಿಸಬೇಕು. ಆಯಿಲ್ ಹಾಲು ಬೆರೆಸಿದ ಹಾಗೆ ಗುಲಾಬಿ ಬಣ್ಣಕ್ಕಿದ್ದರೆ ದಯವಿಟ್ಟು ಕಾರು ಓಡಿಸಬೇಡಿ. ಗೇರ್‌ಬಾಕ್ಸ್ ಆಯಿಲ್ ತಣ್ಣಗಾಗುವ ಕೊಳವೆ ಸಾಮಾನ್ಯವಾಗಿ ರೇಡಿಯೇಟರ್ ಒಳಗೇ ಇರುತ್ತದೆ. ಅದು ತೂತಾದರೆ ನೀರು ಗೇರ್‌ಬಾಕ್ಸ್‌ಗೆ ಹೋಗುತ್ತದೆ, ಕ್ಲಚ್ ಪ್ಲೇಟಿನ ಅಂಟು ಬಿಡುತ್ತದೆ.

ನಿಂತ ಕಾರಿಗೆ ಇನ್ನೊಂದು ವಿಷಯ. ಇಂಜಿನ್‌ನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ ಟಾರ್ಕ್ ಕನ್ವರ್ಟರ್. ತಿಂಗಳುಗಟ್ಟಲೆ ನಿಂತಾಗ ಅದರಲ್ಲಿರುವ ಆಯಿಲ್ ನಿಧಾನಕ್ಕೆ ಪ್ಯಾನ್‌ಗೆ ಇಳಿಯುತ್ತದೆ. ಆಗ ಡಿಪ್‌ಸ್ಟಿಕ್‌ನಲ್ಲಿ ಗುರುತಿಗಿಂತ ಎಷ್ಟೋ ಮೇಲೆ ತೋರಿಸುತ್ತದೆ. ಯಾರೋ ಜಾಸ್ತಿ ತುಂಬಿದ್ದಾರೆ ಅಂದುಕೊಂಡು ತೆಗೆಯಲು ಹೋಗಬೇಡಿ. ಇಂಜಿನ್ ಶುರು ಮಾಡಿದ ಮೇಲೆ ಮಟ್ಟ ತಾನೇ ಇಳಿಯುತ್ತದೆ.

ಇನ್ನು ಯಾವ ಆಯಿಲ್ ಅನ್ನುವುದು. ಯಾವ ಕಂಪನಿಯ ಕಾರು ಅಂತ ನೀವು ಬರೆದಿಲ್ಲ, ಆದರೆ ಉತ್ತರ ನಿಂತಿರುವುದೇ ಅದರ ಮೇಲೆ. 1960ರ ದಶಕದ ಕೊನೆಗೆ ಜನರಲ್ ಮೋಟರ್ಸ್ (ಜಿಎಂ) ಮತ್ತು ಫೋರ್ಡ್ ಬೇರೆ ಬೇರೆ ದಾರಿ ಹಿಡಿದಿದ್ದವು. ಜಿಎಂ 1967ರಲ್ಲಿ ಡೆಕ್ಸ್ರಾನ್ ಅನ್ನುವ ಗೇರ್‌ಬಾಕ್ಸ್ ಆಯಿಲ್ ತಂದಿತು. ಅದರಲ್ಲಿ ಕ್ಲಚ್ ನಯವಾಗಿ ಕೂರಲಿ ಅಂತ ಜಾರಿಕೆ ಕೊಡುವ ಪದಾರ್ಥ ಬೆರೆಸಿರುತ್ತಾರೆ. ಆ ಕಾಲದಲ್ಲಿ ಆ ಪದಾರ್ಥ ತಿಮಿಂಗಿಲದ ಎಣ್ಣೆ! 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿತು, ಡೆಕ್ಸ್ರಾನ್ 2 ಬಂದದ್ದು ಆ ಹೊತ್ತಿನಲ್ಲೇ. ಫೋರ್ಡ್‌ನವರ ಟೈಪ್ ಎಫ್ ಆಯಿಲ್‌ನಲ್ಲಿ ಈ ಜಾರಿಕೆಯ ಪದಾರ್ಥ ಇಲ್ಲ, ಕ್ಲಚ್ ಗಬಕ್ಕನೆ ಹಿಡಿಯುತ್ತದೆ. ಟೈಪ್ ಎಫ್ ಬೇಡುವ ಗೇರ್‌ಬಾಕ್ಸ್‌ಗೆ ಡೆಕ್ಸ್ರಾನ್ ಹಾಕಿದರೆ ಕ್ಲಚ್ ಜಾಸ್ತಿ ಹೊತ್ತು ಜಾರಿ, ಕಾದು, ಸವೆಯುತ್ತದೆ. ಡೆಕ್ಸ್ರಾನ್ ಬೇಡುವುದಕ್ಕೆ ಟೈಪ್ ಎಫ್ ಹಾಕಿದರೆ ಪ್ರತಿ ಗೇರಿಗೂ ಕಾರು ಒದ್ದ ಹಾಗೆ ಆಗುತ್ತದೆ. ಆಗಿನ ಫೋರ್ಡ್ ಆಗಿದ್ದರೆ ಟೈಪ್ ಎಫ್. ಜಿಎಂ ಆಗಿದ್ದರೆ ಡೆಕ್ಸ್ರಾನ್ 3ರ ಮಟ್ಟದ ಆಯಿಲ್. ಡೆಕ್ಸ್ರಾನ್ 6 ಅದಕ್ಕಿಂತ ತೆಳು, ಗಟ್ಟಿಯಾದ ಹಳೆ ಸೀಲುಗಳಿರುವ ಗೇರ್‌ಬಾಕ್ಸ್‌ಗೆ ನಾನಂತೂ ಅದನ್ನು ಹಾಕುವುದಿಲ್ಲ. ಎಲ್ಲಕ್ಕೂ ಮೊದಲು ಕಾರಿನ ಮೂಲ ಪುಸ್ತಕ ತೆಗೆದು ಓದಿ. "ಎಲ್ಲಾ ಗಾಡಿಗೂ ಆಗುತ್ತೆ" ಅಂತ ಡಬ್ಬದ ಮೇಲೆ ಬರೆದದ್ದನ್ನು ನಂಬಬೇಡಿ.

ಈಗ ಕೆಲಸಕ್ಕೆ ಬರೋಣ. ಹತ್ತು ನಿಮಿಷ ಇಂಜಿನ್ ಓಡಿಸಿ ಆಯಿಲ್ ಬೆಚ್ಚಗೆ ಮಾಡಿಕೊಳ್ಳಿ. ಕುದಿ ಬಿಸಿ ಬೇಡ, ಮೈಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ. ಕಾರನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಲೇಬೇಡಿ. ಆ ಕಾಲದ ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಆಯಿಲ್ ಇಳಿಸಲು ಬೇರೆ ಬೋಲ್ಟ್ ಇರುವುದಿಲ್ಲ. ಪ್ಯಾನನ್ನೇ ಬಿಚ್ಚಬೇಕು. ನನ್ನದರಲ್ಲಿ ಹದಿಮೂರು ಬೋಲ್ಟು. ಮುಂದಿನ ಎರಡನ್ನು ಸ್ವಲ್ಪವೇ ಸಡಿಲಿಸಿ ಹಾಗೇ ಬಿಟ್ಟು, ಉಳಿದದ್ದನ್ನೆಲ್ಲ ತೆಗೆದು, ಪ್ಯಾನ್‌ನ ಹಿಂದಿನ ಅಂಚನ್ನು ನಿಧಾನಕ್ಕೆ ಕೆಳಗೆ ಬಾಗಿಸಿ. ಕೆಳಗೆ ಅಗಲ ಬಾಯಿಯ ದೊಡ್ಡ ಪಾತ್ರೆ ಇರಲಿ. ಒಂದೇ ಕಡೆ ಸುರಿಯುತ್ತದೆ ಅಂದುಕೊಂಡರೆ ಅದು ಮೂರು ಕಡೆಯಿಂದ ಸುರಿಯುತ್ತದೆ.

ಪ್ಯಾನ್ ಕೈಗೆ ಬಂದ ತಕ್ಷಣ ತೊಳೆಯಬೇಡಿ. ಬೆಳಕಿಗೆ ಹಿಡಿದು ನೋಡಿ. ನಾನು ಬಿಚ್ಚಿದಾಗ ತಳದಲ್ಲಿ ಬೂದು ಬಣ್ಣದ ಕೆಸರು ತೆಳ್ಳಗೆ ಕೂತಿತ್ತು. ಬೆರಳಲ್ಲಿ ತಿಕ್ಕಿದರೆ ಕಾಡಿಗೆ ಹಾಗೆ ನುಣ್ಣಗೆ, ಒಂದು ಕಾಳೂ ಕೈಗೆ ಸಿಗಲಿಲ್ಲ. ಅದು ವರ್ಷಗಳ ಸಹಜ ಸವೆತ. ಹೊಳೆಯುವ ಚೂರುಗಳು, ಸೂಜಿಯಂಥ ಲೋಹದ ಎಳೆಗಳು, ಕರಿ ಹಪ್ಪಳದಂಥ ತುಣುಕುಗಳು ಸಿಕ್ಕರೆ ಒಳಗೆ ಏನೋ ಒಡೆಯುತ್ತಿದೆ. ಇಷ್ಟು ನೋಡುವುದಕ್ಕಾದರೂ ಪ್ಯಾನ್ ಬಿಚ್ಚಬೇಕು ಅನ್ನುತ್ತೇನೆ. ಮೆಷಿನ್ ಹಚ್ಚಿ ತೊಳೆಸಿದರೆ ಇದು ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಫಿಲ್ಟರ್ ವಿಷಯದಲ್ಲಿ ಒಂದು ತಪ್ಪು ನನ್ನಿಂದ ಆಯಿತು, ನಿಮ್ಮಿಂದ ಆಗದಿರಲಿ. ಟರ್ಬೊ 400ರ ಫಿಲ್ಟರ್‌ಗೆ ಆಯಿಲ್ ಎಳೆದುಕೊಳ್ಳುವ ಒಂದು ಕೊಳವೆ, ಅದರ ತುದಿಗೆ ಒಂದು ರಬ್ಬರ್ ಓ-ರಿಂಗ್ ಇರುತ್ತದೆ. ಹಳೆ ಕೊಳವೆ ಎಳೆದಾಗ ಓ-ರಿಂಗ್ ಮೇಲೇ ತೂತಿನಲ್ಲಿ ಅಂಟಿಕೊಂಡಿತ್ತು, ನಾನು ಗಮನಿಸಲಿಲ್ಲ. ಹೊಸ ಕೊಳವೆಯನ್ನು ಹೊಸ ಓ-ರಿಂಗ್ ಜೊತೆ ಒತ್ತಿದೆ, ಸರಿಯಾಗಿ ಕೂರಲಿಲ್ಲ. ಪಂಪು ಆಯಿಲ್ ಜೊತೆ ಗಾಳಿಯನ್ನೂ ಎಳೆಯತೊಡಗಿತು. ಇಂಜಿನ್ ಶುರು ಮಾಡಿದರೆ ಕೆಳಗಿನಿಂದ ಗುಂಯ್ ಅಂತ ನರಳುವ ಸದ್ದು, ಗೇರು ಹಾಕಿದ ಮೇಲೆ ಕಾರು ಅಲುಗಲು ಮೂರು ಸೆಕೆಂಡು. ತಕ್ಷಣ ನಿಲ್ಲಿಸಿ ಮತ್ತೆ ಎಲ್ಲ ಬಿಚ್ಚಿದೆ. ಆದ್ದರಿಂದ ಹಳೆ ಫಿಲ್ಟರ್ ಕೈಗೆ ಬಂದಾಗ ಓ-ರಿಂಗ್ ಅದರ ಜೊತೆ ಬಂದಿದೆಯಾ ಅಂತ ನೋಡಿ. ಬಂದಿಲ್ಲ ಅಂದರೆ ಬೆರಳಿನಿಂದಲೋ ಮರದ ಕಡ್ಡಿಯಿಂದಲೋ ತೆಗೆಯಿರಿ, ಸ್ಕ್ರೂಡ್ರೈವರ್ ಹಾಕಿ ಗೀರಬೇಡಿ.

ಸೋರಿಕೆಗೆ ಮೂಲ ಪ್ಯಾನ್‌ನ ಅಂಚು. ಹಿಂದೆ ಬಿಚ್ಚಿದವರು ಬೋಲ್ಟ್ ಜಾಸ್ತಿ ಬಿಗಿದಿದ್ದರೆ ಪ್ರತಿ ತೂತಿನ ಸುತ್ತ ತಗಡು ಉಬ್ಬಿರುತ್ತದೆ. ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮಟ್ಟ ಮಾಡಿ. ನೂಲು ಬಿಡುವ ಬಟ್ಟೆಯಿಂದ ಒಳಗೆ ಒರೆಸಬೇಡಿ, ಒಂದು ಎಳೆ ಸಾಕು ವಾಲ್ವ್ ಸಿಕ್ಕಿಕೊಳ್ಳಲು. ಸೋರದಂತೆ ಪ್ಯಾನ್ ಅಂಚಿಗೆ ಕೂರಿಸುವ ಗ್ಯಾಸ್ಕೆಟ್‌ಗೆ ಸಿಲಿಕಾನ್ ಪೇಸ್ಟ್ ಬೇಡ, ಅದರ ಚೂರುಗಳೂ ವಾಲ್ವ್‌ಗಳಿಗೇ ಹೋಗುತ್ತವೆ. ಗ್ಯಾಸ್ಕೆಟ್ ಜಾರದಂತೆ ಕೂರಿಸಲು ಚೂರು ವ್ಯಾಸಲಿನ್ ಹಚ್ಚಿದರೆ ಸಾಕು. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ನನ್ನ ಗೇರ್‌ಬಾಕ್ಸ್‌ಗೆ 12 ಫುಟ್-ಪೌಂಡ್, ಅಂದರೆ ಸುಮಾರು 16 ನ್ಯೂಟನ್-ಮೀಟರ್. ಕೈಗೆ ಇದು ಬಹಳ ಕಮ್ಮಿ ಅನ್ನಿಸುತ್ತದೆ, ಇನ್ನೊಂದು ಸುತ್ತು ತಿರುಗಿಸೋಣ ಅನ್ನಿಸುತ್ತದೆ. ತಿರುಗಿಸಬೇಡಿ.

ಡಿಪ್‌ಸ್ಟಿಕ್ ಕೊಳವೆಗೆ ಉದ್ದ ಕತ್ತಿನ ಆಲಿಕೆ ಇಟ್ಟು ಮೊದಲು ಮೂರು ಲೀಟರ್ ಸುರಿಯಿರಿ. ಇಂಜಿನ್ ಶುರು ಮಾಡಿ, ಬ್ರೇಕ್ ಒತ್ತಿ ಹಿಡಿದು ಎಲ್ಲಾ ಗೇರಿಗೂ ಒಮ್ಮೆ ಹಾಕಿ ತೆಗೆಯಿರಿ. ಆಮೇಲೆ ಸ್ವಲ್ಪ ಸ್ವಲ್ಪ ಸೇರಿಸಿ. ಕೊನೆಯ ಅಳತೆ ಇಪ್ಪತ್ತು ಕಿಲೋಮೀಟರ್ ಓಡಿಸಿ ಚೆನ್ನಾಗಿ ಬಿಸಿಯಾದ ಮೇಲೆ, ಮಟ್ಟಸವಾದ ನೆಲದಲ್ಲಿ, ಇಂಜಿನ್ ಓಡುತ್ತಿರುವಾಗಲೇ. ಜಿಎಂ ಕಾರಾದರೆ ಪಾರ್ಕ್‌ನಲ್ಲಿ. ಕ್ರೈಸ್ಲರ್ ಕಂಪನಿಯ ಹಳೆ ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸ್ ಆದರೆ ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ನಲ್ಲಿ, ಯಾಕೆಂದರೆ ಅದು ಪಾರ್ಕ್‌ನಲ್ಲಿದ್ದಾಗ ಕನ್ವರ್ಟರ್‌ಗೆ ಆಯಿಲ್ ಹೋಗುವುದಿಲ್ಲ. ಜಿಎಂ ಡಿಪ್‌ಸ್ಟಿಕ್‌ನ ಎರಡು ಗುರುತುಗಳ ನಡುವೆ ಬರೀ ಅರ್ಧ ಲೀಟರ್ ಅಂತರ, ಆದ್ದರಿಂದ ಕೈ ಹಿಡಿದು ಸುರಿಯಿರಿ. ಜಾಸ್ತಿಯಾದರೆ ಒಳಗೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ, ಆಯಿಲ್‌ನ ಒತ್ತಡ ಕುಸಿಯುತ್ತದೆ.

ಇಷ್ಟು ಮಾಡಿದರೂ ಎಲ್ಲಾ ಆಯಿಲ್ ಬದಲಾಗಿರುವುದಿಲ್ಲ. ನನ್ನದರಲ್ಲಿ ಒಟ್ಟು ಹತ್ತು ಲೀಟರ್‌ಗೂ ಮೇಲಿದೆ, ಪ್ಯಾನ್ ಬಿಚ್ಚಿದರೆ ಇಳಿಯುವುದು ನಾಲ್ಕರ ಆಸುಪಾಸು. ಉಳಿದದ್ದು ಬಹುಪಾಲು ಕನ್ವರ್ಟರ್‌ನಲ್ಲೇ ಇರುತ್ತದೆ. ಒಮ್ಮೆ ಬದಲಾಯಿಸಿದರೆ ನೂರರಲ್ಲಿ ನಲವತ್ತು ಪಾಲು ಹೊಸದು, ಇನ್ನೊಮ್ಮೆ ಮಾಡಿದರೆ ಅರವತ್ನಾಲ್ಕು, ಮೂರನೇ ಸಲಕ್ಕೆ ಎಪ್ಪತ್ತೆಂಟು. ಹಳೆ ಗೇರ್‌ಬಾಕ್ಸ್‌ಗೆ ಹೀಗೆ ನಿಧಾನಕ್ಕೆ ಬದಲಾಗುವುದೇ ಒಳ್ಳೆಯದು ಅಂತ ನನ್ನ ನಂಬಿಕೆ. ನಾನು ಐನೂರು ಕಿಲೋಮೀಟರ್ ಓಡಿಸಿ ಮತ್ತೆ ಬಿಚ್ಚಿದೆ. ಆಗ ಪ್ಯಾನ್ ತಳದಲ್ಲಿ ಬೆರಳಿಗೆ ಅಂಟುವಷ್ಟೂ ಕೆಸರು ಇರಲಿಲ್ಲ, ಆಯಿಲ್ ಇನ್ನೂ ಕೆಂಪಗೇ ಇತ್ತು.

ಕಾರು ಯಾವುದು, ಗೇರ್‌ಬಾಕ್ಸ್ ಮೇಲೆ ಏನು ನಂಬರ್ ಇದೆ ಅಂತ ಬರೆಯಿರಿ. ಬಿಚ್ಚಿದ ದಿನ ಪ್ಯಾನ್ ತೊಳೆಯುವ ಮುಂಚೆ ಒಂದು ಫೋಟೊ ತೆಗೆದು ಹಾಕಿ, ನೋಡಿ ಹೇಳುತ್ತೇನೆ.